ಉಗುರು ಕತ್ತರಿಸಲು ಹೋದರೆ ನಾಯಿ ಕಚ್ಚುತ್ತದೆಯೇ? 'ಯಜಮಾನ ಯಾರೆಂದು ತೋರಿಸಿ' ಎಂಬ ಸಲಹೆ ಏಕೆ ಅಪಾಯಕಾರಿ

ನಾಯಿ ಸಾಕುವವರ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಬರುವ ಸಲಹೆಯೊಂದಿದೆ. "ಉಗುರು ಕತ್ತರಿಸುವಾಗ, ಕೂದಲು ಬಾಚುವಾಗ ನಾಯಿ ಗುರ್ ಎಂದರೆ ಬಿಡಬೇಡಿ. ನೆಲಕ್ಕೆ ಮಲಗಿಸಿ ಅದುಮಿ ಹಿಡಿಯಿರಿ. ಮೂತಿಗೆ ಒಂದು ಏಟು ಕೊಡಿ. ಮನೆಯ ಯಜಮಾನ ಯಾರೆಂದು ಅದಕ್ಕೆ ಗೊತ್ತಾಗಲಿ." ಕೆಲವೊಮ್ಮೆ ಜೊತೆಗೆ ವಿಡಿಯೋ ಕೂಡ ಇರುತ್ತದೆ. ಎರಡು ಮೂರು ಜನ ಸೇರಿ ನಾಯಿಯನ್ನು ಒತ್ತಿ ಹಿಡಿದಿರುತ್ತಾರೆ, ಒದ್ದಾಡಿದ ನಾಯಿ ಕೊನೆಗೆ ಸುಮ್ಮನಾಗುತ್ತದೆ. "ನೋಡಿ, ಬುದ್ಧಿ ಬಂತು" ಎಂಬ ಸಾಲಿನೊಂದಿಗೆ ಅದು ಇನ್ನೊಂದು ಗುಂಪಿಗೆ ಹೋಗುತ್ತದೆ.

ಈ ಸಲಹೆ ನಿಜವೇ? ಇಲ್ಲ. ತಪ್ಪು ಎನ್ನುವುದಕ್ಕಿಂತ, ಕಚ್ಚುವ ಸಾಧ್ಯತೆಯನ್ನು ಹೆಚ್ಚಿಸುವ ಸಲಹೆ ಇದು. ಅದರ ಫಲವನ್ನು ಉಣ್ಣುವವರು ಮನೆಯ ಮಕ್ಕಳು, ಗ್ರೂಮಿಂಗ್ ಅಂಗಡಿಯ ಕೆಲಸಗಾರರು, ಪಶುವೈದ್ಯರು, ಕೊನೆಗೆ ನಾಯಿ. "ಇದು ಕಚ್ಚುವ ನಾಯಿ" ಎಂಬ ಹೆಸರು ಬಂದ ಮೇಲೆ ಎಷ್ಟೋ ನಾಯಿಗಳು ಸರಪಳಿಗೆ ಬೀಳುತ್ತವೆ ಅಥವಾ ಬೀದಿಗೆ ಬೀಳುತ್ತವೆ.

ನಾಯಿ ಏಕೆ ಕಚ್ಚುತ್ತದೆ, ಯಜಮಾನಿಕೆಯ ಕಥೆ ಎಲ್ಲಿಂದ ಬಂತು, ಕಚ್ಚುವುದನ್ನು ಮನೆಯಲ್ಲೇ ಹೇಗೆ ಬಿಡಿಸಬಹುದು ಎಂಬುದನ್ನು ಒಂದೊಂದಾಗಿ ನೋಡೋಣ.

ಚುಟುಕು ಉತ್ತರ

ಬಾಚುವಾಗ, ಸ್ನಾನ ಮಾಡಿಸುವಾಗ, ಉಗುರು ಕತ್ತರಿಸುವಾಗ ಕಚ್ಚುವ ನಾಯಿ ಬಹುಪಾಲು ಎರಡು ಕಾರಣಗಳಿಗೆ ಕಚ್ಚುತ್ತದೆ. ಒಂದು ಭಯ, ಇನ್ನೊಂದು ನೋವು. ಈ ಎರಡಕ್ಕೂ ಏಟು ಮದ್ದಲ್ಲ. ನೋವಿದ್ದರೆ ಚಿಕಿತ್ಸೆ ಬೇಕು. ಭಯವಿದ್ದರೆ, ಮುಟ್ಟುವುದು ಒಳ್ಳೆಯ ಸಂಗತಿ ಎಂದು ನಾಯಿಗೆ ಹಂತಹಂತವಾಗಿ ಕಲಿಸಬೇಕು. ದಿನಕ್ಕೆ ನಾಲ್ಕೈದು ನಿಮಿಷ ಸಾಕು, ಆದರೆ ಕೆಲವು ವಾರಗಳ ತಾಳ್ಮೆ ಬೇಕು.

ಗುರ್ ಎನ್ನುವುದು ಕೊಬ್ಬಲ್ಲ, ಎಚ್ಚರಿಕೆ

ನಾಯಿ ಮೊದಲ ಹೆಜ್ಜೆಯಲ್ಲೇ ಕಚ್ಚುವುದು ಅಪರೂಪ. ಅದಕ್ಕೂ ಮುಂಚೆ ಹಲವು ಸಲ "ನನಗೆ ಇದು ಬೇಡ" ಎಂದು ಹೇಳಿರುತ್ತದೆ. ಬ್ರಿಟನ್ನಿನ ಪಶುವೈದ್ಯೆ ಕೆಂಡಲ್ ಶೆಫರ್ಡ್ ಇದನ್ನು ಒಂದು ಏಣಿಗೆ ಹೋಲಿಸಿ ವಿವರಿಸಿದ್ದಾರೆ. ಕೆಳಗಿನ ಮೆಟ್ಟಿಲುಗಳಲ್ಲಿ ಸಣ್ಣ ಸೂಚನೆಗಳು, ತುದಿಯಲ್ಲಿ ಕಚ್ಚುವಿಕೆ.

ಬಾಚಣಿಗೆ ಕೈಗೆತ್ತಿಕೊಂಡಾಗ ನಿಮ್ಮ ನಾಯಿಯನ್ನು ಗಮನಿಸಿ:

- ತಿನ್ನುವುದೇನೂ ಇಲ್ಲದಿದ್ದರೂ ಮೂಗು, ತುಟಿ ನೆಕ್ಕಿಕೊಳ್ಳುವುದು
- ನಿದ್ದೆ ಬಾರದಿದ್ದರೂ ಆಕಳಿಸುವುದು
- ಮುಖ ಆಚೆ ತಿರುಗಿಸುವುದು, ಆದರೆ ಓರೆಗಣ್ಣಿನಿಂದ ನಿಮ್ಮ ಕೈಯನ್ನೇ ನೋಡುವುದು. ಆಗ ಕಣ್ಣಿನ ಬಿಳಿ ಭಾಗ ಕಾಣುತ್ತದೆ
- ಕಿವಿ ಹಿಂದಕ್ಕೆ ಹೋಗುವುದು, ಬಾಲ ಕಾಲ ಸಂದಿಗೆ ಸೇರುವುದು
- ಕಾಲನ್ನು ನಿಮ್ಮ ಕೈಯಿಂದ ಎಳೆದುಕೊಳ್ಳುವುದು, ಎದ್ದು ಹೋಗುವುದು
- ಇದ್ದಕ್ಕಿದ್ದಂತೆ ಮೈ ಬಿಗಿ ಹಿಡಿದು ಕಲ್ಲಿನಂತೆ ನಿಲ್ಲುವುದು

ಇವೆಲ್ಲ ಆದ ಮೇಲೆ ಗುರ್ ಎನ್ನುತ್ತದೆ. ಆಮೇಲೆ ಗಾಳಿಯಲ್ಲಿ ಹಲ್ಲು ಕಡಿಯುತ್ತದೆ. ಅದಕ್ಕೂ ಬೆಲೆ ಸಿಗದಿದ್ದರೆ ಕಚ್ಚುತ್ತದೆ.

ಗುರ್ ಎಂದಾಗ ಹೊಡೆದರೆ ಏನಾಗುತ್ತದೆ? ನಾಯಿಗೆ ಉಗುರು ಕತ್ತರಿಯ ಭಯ ಹಾಗೆಯೇ ಉಳಿಯುತ್ತದೆ. ಅದು ಕಲಿಯುವುದು ಒಂದೇ ಪಾಠ: ಗುರ್ ಎಂದರೆ ಏಟು ಬೀಳುತ್ತದೆ. ಆದ್ದರಿಂದ ಮುಂದಿನ ಸಲ ಗುರ್ ಎನ್ನದೆ ಮೇಲಿನ ಮೆಟ್ಟಿಲಿಗೆ ಹಾರುತ್ತದೆ. "ಏನೂ ಸುಳಿವು ಕೊಡದೆ ಕಚ್ಚಿಬಿಟ್ಟಿತು" ಎಂದು ಜನ ಹೇಳುವ ಎಷ್ಟೋ ನಾಯಿಗಳಿಗೆ ಸುಳಿವು ಕೊಡಬಾರದು ಎಂದು ಮನೆಯವರೇ ಕಲಿಸಿರುತ್ತಾರೆ. ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದಾಗ ನಾವು ಮೂಗು ಮುಚ್ಚಿಕೊಳ್ಳುವುದಿಲ್ಲ, ಸೋರುವುದನ್ನು ನಿಲ್ಲಿಸುತ್ತೇವೆ. ಇಲ್ಲೂ ಹಾಗೆಯೇ.

ವಿಡಿಯೋದಲ್ಲಿ ಸುಮ್ಮನಾದ ನಾಯಿಯ ವಿಷಯವೂ ಇದೇ. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ ಎಂದಾಗ ಪ್ರಾಣಿಗಳು ಹೆಪ್ಪುಗಟ್ಟಿದಂತೆ ನಿಲ್ಲುತ್ತವೆ. ಅದು ಒಪ್ಪಿಗೆಯಲ್ಲ, ಸಮಾಧಾನವೂ ಅಲ್ಲ.

'ಯಜಮಾನ' ಕಥೆ ಎಲ್ಲಿಂದ ಬಂತು?

ಈ ನಂಬಿಕೆಯ ಮೂಲ ತೋಳಗಳ ಅಧ್ಯಯನದಲ್ಲಿದೆ. ರುಡಾಲ್ಫ್ ಶೆಂಕೆಲ್ ಎಂಬ ಸಂಶೋಧಕ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ಗಮನಿಸಿ 1947ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತೋಳಗಳು ಮೇಲುಗೈಗಾಗಿ ಸದಾ ಕಾದಾಡುತ್ತವೆ, ಗೆದ್ದದ್ದು ಗುಂಪನ್ನು ಆಳುತ್ತದೆ ಎಂಬ ಚಿತ್ರ ಅಲ್ಲಿಂದ ಹರಡಿತು. ಅಮೆರಿಕದ ತೋಳ ತಜ್ಞ ಡೇವಿಡ್ ಮೆಕ್ 1970ರಲ್ಲಿ ಬರೆದ ಪುಸ್ತಕ ಇದನ್ನು ಇನ್ನಷ್ಟು ಜನಪ್ರಿಯಗೊಳಿಸಿತು. ತೋಳಕ್ಕೆ ಹೇಳಿದ್ದನ್ನು ತರಬೇತುದಾರರು ನಾಯಿಗೂ ಅನ್ವಯಿಸಿದರು. ನಾಯಿಯನ್ನು ಬೆನ್ನ ಮೇಲೆ ಉರುಳಿಸಿ ಅದುಮುವ 'ಆಲ್ಫಾ ರೋಲ್' ಹೀಗೆ ಹುಟ್ಟಿತು.

ತೊಂದರೆ ಏನೆಂದರೆ, ಆ ತೋಳಗಳು ಕಾಡಿನಲ್ಲಿ ಬದುಕುತ್ತಿದ್ದವಲ್ಲ. ಅವನ್ನು ಒಂದೇ ಆವರಣದಲ್ಲಿ ಕೂಡಿಹಾಕಲಾಗಿತ್ತು. ಡೇವಿಡ್ ಮೆಕ್ ಅವರೇ ಮುಂದೆ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಹಲವು ಬೇಸಿಗೆಗಳನ್ನು ಕಾಡುತೋಳಗಳ ಜೊತೆ ಕಳೆದರು. ಅಲ್ಲಿ ಕಂಡ ಗುಂಪು ಒಂದು ಸಂಸಾರವಾಗಿತ್ತು: ಅಪ್ಪ, ಅಮ್ಮ, ಬೇರೆ ಬೇರೆ ವರ್ಷ ಹುಟ್ಟಿದ ಮಕ್ಕಳು. ತಂದೆತಾಯಿ ದಾರಿ ತೋರಿಸುತ್ತಿದ್ದರು, ಪಟ್ಟಕ್ಕಾಗಿ ಯುದ್ಧ ನಡೆಯುತ್ತಿರಲಿಲ್ಲ. 1999ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು 'ಆಲ್ಫಾ' ಎಂಬ ಪದವೇ ಕಾಡುತೋಳದ ಸಂಸಾರಕ್ಕೆ ಹೊಂದುವುದಿಲ್ಲ ಎಂದು ವಾದಿಸಿದರು.

ಇನ್ನು ನಾಯಿ ತೋಳವೂ ಅಲ್ಲ. ಮನುಷ್ಯನ ಜೊತೆ ಹತ್ತು ಸಾವಿರಕ್ಕೂ ಹೆಚ್ಚು ವರ್ಷ ಬಾಳಿ ಬೇರೆಯೇ ಆದ ಪ್ರಾಣಿ ಅದು. ಉಗುರು ಕತ್ತರಿಯನ್ನು ಕಂಡು ಕಚ್ಚಲು ಬರುವ ನಾಯಿ ನಿಮ್ಮ ಮನೆಯ ಅಧಿಕಾರ ಕೇಳುತ್ತಿಲ್ಲ. ತನ್ನ ಕಾಲನ್ನು ಉಳಿಸಿಕೊಳ್ಳಲು ನೋಡುತ್ತಿದೆ, ಅಷ್ಟೇ.

ಹೊಡೆತದ ಪರಿಣಾಮದ ಬಗ್ಗೆ ಅಧ್ಯಯನಗಳೂ ಇವೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೇಘನ್ ಹೆರನ್ ಮತ್ತು ಸಂಗಡಿಗರು 2009ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿದರು. ವರ್ತನೆಯ ತೊಂದರೆಗಾಗಿ ನಾಯಿಯನ್ನು ಅಲ್ಲಿನ ಚಿಕಿತ್ಸಾಲಯಕ್ಕೆ ಕರೆತಂದಿದ್ದ 140 ಮಾಲೀಕರನ್ನು ಕೇಳಿದ್ದರು. ಹೊಡೆದ ಅಥವಾ ಒದ್ದ ಮಾಲೀಕರಲ್ಲಿ ಶೇ 43ರಷ್ಟು ಜನ, ಅದಕ್ಕೆ ನಾಯಿ ಆಕ್ರಮಣದಿಂದಲೇ ಉತ್ತರಿಸಿತು ಎಂದರು. ಬೆನ್ನ ಮೇಲೆ ಉರುಳಿಸಿ ಅದುಮಿದವರಲ್ಲಿ ಶೇ 31ರಷ್ಟು, ದುರುಗುಟ್ಟಿ ನೋಡಿ ಹೆದರಿಸಿದವರಲ್ಲಿ ಶೇ 30ರಷ್ಟು ಜನ ಇದನ್ನೇ ಹೇಳಿದರು. ಇವು ಮೊದಲೇ ತೊಂದರೆ ಇದ್ದ ನಾಯಿಗಳು ಎಂಬುದನ್ನು ಮರೆಯಬಾರದು. ಆದರೆ "ಹೊಡೆದು ಸರಿಮಾಡಿ" ಎಂಬ ಫಾರ್ವರ್ಡ್ ಬರುವುದೂ ಅಂಥ ನಾಯಿಗಳ ಬಗ್ಗೆಯೇ ಅಲ್ಲವೇ?

ತರಬೇತಿಗೂ ಮೊದಲು: ನೋವಿದೆಯೇ ನೋಡಿ

ನಿನ್ನೆಯವರೆಗೆ ಸುಮ್ಮನೆ ಬಾಚಿಸಿಕೊಳ್ಳುತ್ತಿದ್ದ ನಾಯಿ ಇಂದು ಕಚ್ಚಲು ಬಂದರೆ ಮೊದಲ ಅನುಮಾನ ನೋವಿನ ಮೇಲಿರಬೇಕು. ಕಿವಿ ಮುಟ್ಟಿದಾಗ ಮಾತ್ರ ಸಿಡುಕುತ್ತದೆಯೇ? ಒಳಗೆ ಸೋಂಕಿರಬಹುದು. ಲ್ಯಾಬ್ರಡಾರ್, ಕಾಕರ್ ಸ್ಪ್ಯಾನಿಯಲ್‌ನಂತಹ ಜೋಲುಕಿವಿಯ ನಾಯಿಗಳಲ್ಲಿ ಇದು ಸಾಮಾನ್ಯ. ಹಿಂಗಾಲು ಎತ್ತಿದಾಗ ಸಿಡುಕುತ್ತದೆಯೇ? ಕೀಲುನೋವಿರಬಹುದು. ಮುಖದ ಹತ್ತಿರ ಬಿಡುವುದಿಲ್ಲವೇ? ಹಲ್ಲು, ವಸಡು ನೋಯುತ್ತಿರಬಹುದು. ಉದ್ದ ಕೂದಲಿನ ಶಿಟ್ಜು, ಲಾಸಾ ಆಪ್ಸೊಗಳಲ್ಲಿ ಕೂದಲು ಗಂಟುಕಟ್ಟಿ ಚರ್ಮವನ್ನೇ ಜಗ್ಗುತ್ತಿರುತ್ತದೆ. ಆ ಗಂಟಿನ ಕೆಳಗೆ ಹುಣ್ಣೂ ಇರಬಹುದು.

ಉಗುರಿನ ವಿಷಯ ಇನ್ನೂ ಸೂಕ್ಷ್ಮ. ನಾಯಿಯ ಉಗುರಿನ ಒಳಗೆ ರಕ್ತನಾಳ ಮತ್ತು ನರ ಇರುವ ಜೀವಭಾಗವಿದೆ. ಒಮ್ಮೆ ಅದು ಕತ್ತರಿಗೆ ಸಿಕ್ಕಿದರೆ ನೋವು ಜೋರು, ರಕ್ತವೂ ಬರುತ್ತದೆ. ಆ ಒಂದು ಘಟನೆಯನ್ನು ಕೆಲವು ನಾಯಿಗಳು ವರ್ಷಗಟ್ಟಲೆ ಮರೆಯುವುದಿಲ್ಲ.

ಆದ್ದರಿಂದ ಮೊದಲ ಭೇಟಿ ಪಶುವೈದ್ಯರಿಗೆ. ನೋವು ಹಾಗೆಯೇ ಇಟ್ಟುಕೊಂಡು ಎಷ್ಟು ತರಬೇತಿ ಕೊಟ್ಟರೂ ಪ್ರಯೋಜನವಿಲ್ಲ.

ಭಯ ಬಿಡಿಸುವ ಹಳೆಯ, ಗಟ್ಟಿ ವಿಧಾನ

1924ರಲ್ಲಿ ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ ಒಂದು ಪ್ರಯೋಗವನ್ನು ವರದಿ ಮಾಡಿದರು. ಪೀಟರ್ ಎಂದು ಅವರು ಕರೆದ ಚಿಕ್ಕ ಹುಡುಗನಿಗೆ ಮೊಲವೆಂದರೆ ಭಯ. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ಕೋಣೆಯಲ್ಲಿ ದೂರ ಇಟ್ಟರು. ಅವನು ನಿರಾಳವಾಗಿದ್ದಷ್ಟೂ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಹುಡುಗ ಮೊಲವನ್ನು ಮುಟ್ಟಿ ಆಡುವಂತಾದ.

ನಾಯಿಗೂ ಇದೇ ವಿಧಾನ. ಇದರಲ್ಲಿ ಎರಡು ಸೂತ್ರಗಳಿವೆ. ಒಂದು, ಭಯ ಹುಟ್ಟಿಸುವ ಸಂಗತಿಯನ್ನು ಭಯವಾಗದಷ್ಟು ಸಣ್ಣ ಪ್ರಮಾಣದಲ್ಲಿ ತೋರಿಸುವುದು. ಎರಡು, ಅದರ ಬೆನ್ನಿಗೇ ಇಷ್ಟದ ತಿನಿಸು ಕೊಡುವುದು. ಗಂಟೆಯ ಸದ್ದಿನ ಹಿಂದೆಯೇ ಊಟ ಬಂದಾಗ ನಾಯಿಯ ಬಾಯಲ್ಲಿ ನೀರೂರುತ್ತದೆ ಎಂಬ ಪಾವ್ಲೋವ್ ಪಾಠ ನಿಮಗೆ ಶಾಲೆಯಿಂದ ನೆನಪಿರಬಹುದು. ಇಲ್ಲಿ ಗಂಟೆಯ ಜಾಗದಲ್ಲಿ ಉಗುರು ಕತ್ತರಿ ಇದೆ.

ಒಂದು ಮುಖ್ಯ ಮಾತು: ಮೊದಲು ಮುಟ್ಟಿ, ಆಮೇಲೆ ತಿನಿಸು ಕೊಡಿ. ತಿನಿಸು ತೋರಿಸಿ ಮರುಳುಮಾಡಿ ಕಾಲು ಹಿಡಿದರೆ ಲೆಕ್ಕ ಉಲ್ಟಾ ಆಗುತ್ತದೆ. ಆಗ "ಚಿಕನ್ ಬಂತು ಎಂದರೆ ಕತ್ತರಿಯೂ ಬರುತ್ತದೆ" ಎಂದು ನಾಯಿ ಕಲಿಯುತ್ತದೆ, ಚಿಕನ್ ಕಂಡರೇ ಮಂಚದ ಕೆಳಗೆ ಓಡುತ್ತದೆ.

ಉಗುರು ಕತ್ತರಿಸಲು ಒಗ್ಗಿಸುವುದು: ಹಂತಗಳು

ಮಸಾಲೆ, ಉಪ್ಪು ಹಾಕದೆ ಬೇಯಿಸಿದ ಕೋಳಿಮಾಂಸವನ್ನು ಬಟಾಣಿ ಗಾತ್ರಕ್ಕೆ ಕತ್ತರಿಸಿಕೊಳ್ಳಿ. ಸಸ್ಯಾಹಾರಿ ಮನೆಯಾದರೆ ಪನೀರ್ ಚೂರು ಅಥವಾ ಬೇಯಿಸಿದ ಸಿಹಿಗೆಣಸು ಆಗುತ್ತದೆ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಪೀನಟ್ ಬಟರ್ ಕೊಡುವುದಾದರೆ ಅದರಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇಲ್ಲವೆಂದು ಲೇಬಲ್ ಓದಿ ಖಚಿತಪಡಿಸಿಕೊಳ್ಳಿ.

1. ಕತ್ತರಿಯನ್ನು ದೂರದಲ್ಲಿ ನೆಲದ ಮೇಲಿಡಿ. ನಾಯಿ ಅದನ್ನು ನೋಡಿದ ಕೂಡಲೇ ಒಂದು ಚೂರು ಕೊಡಿ. ಆಮೇಲೆ ಕತ್ತರಿಯನ್ನು ಕಣ್ಮರೆ ಮಾಡಿ, ತಿನಿಸನ್ನೂ ನಿಲ್ಲಿಸಿ. ಕತ್ತರಿ ಕಂಡಾಗ ನಾಯಿ ಖುಷಿಯಿಂದ ನಿಮ್ಮ ಮುಖ ನೋಡುವವರೆಗೆ ಇದೇ ಹಂತದಲ್ಲಿರಿ.
2. ಕತ್ತರಿ ಇಲ್ಲದೆ, ಬರಿಗೈಯಲ್ಲಿ ಭುಜ ಮುಟ್ಟಿ, ಚೂರು ಕೊಡಿ. ಮುಂದೆ ಮೊಣಕಾಲು, ಆಮೇಲೆ ಪಾದ. ಒಂದು ಕ್ಷಣ ಮುಟ್ಟಿ ಬಿಟ್ಟರೆ ಸಾಕು.
3. ಪಾದವನ್ನು ಒಂದು ಸೆಕೆಂಡ್ ಮೃದುವಾಗಿ ಹಿಡಿಯಿರಿ. ಆಮೇಲೆ ಎರಡು, ಆಮೇಲೆ ಐದು ಸೆಕೆಂಡ್. ನಾಯಿ ಕಾಲು ಎಳೆದುಕೊಂಡರೆ ಬಿಟ್ಟುಬಿಡಿ.
4. ಒಂದೊಂದೇ ಬೆರಳನ್ನು ಮೆಲ್ಲಗೆ ಒತ್ತಿ.
5. ಮುಚ್ಚಿದ ಕತ್ತರಿಯಿಂದ ಉಗುರನ್ನು ಮುಟ್ಟಿ ಹಿಂದಕ್ಕೆ ತೆಗೆಯಿರಿ.
6. ಸದ್ದಿಗೆ ಒಗ್ಗಿಸಿ. ದೂರ ಕೂತು ಒಂದು ಬೇಯಿಸದ ಸ್ಪಾಗೆಟ್ಟಿ ಅಥವಾ ಒಣ ಶಾವಿಗೆ ಎಳೆಯನ್ನು ಕತ್ತರಿಸಿ. 'ಟಕ್' ಎಂದ ಕೂಡಲೇ ತಿನಿಸು.
7. ಒಂದು ಉಗುರಿನ ತುದಿಯನ್ನು ಮಾತ್ರ ಕತ್ತರಿಸಿ. ಜೋರಾಗಿ ಹೊಗಳಿ, ನಾಲ್ಕೈದು ಚೂರು ಕೊಟ್ಟು ಮುಗಿಸಿ. ಮರುದಿನ ಇನ್ನೊಂದು ಉಗುರು.

ಪ್ರತಿ ಹಂತವನ್ನೂ ನಾಯಿ ಮೈ ಸಡಿಲ ಬಿಟ್ಟು ಒಪ್ಪಿದ ಮೇಲೆಯೇ ಮುಂದಿನದಕ್ಕೆ ಹೋಗಿ. ತುಟಿ ನೆಕ್ಕುವುದು, ಮೈ ಬಿಗಿಯುವುದು ಕಂಡರೆ ಒಂದು ಹಂತ ಹಿಂದೆ ಬನ್ನಿ. ತಿನಿಸನ್ನೇ ಬೇಡವೆಂದರೆ ಹೆದರಿಕೆ ಮಿತಿ ಮೀರಿದೆ ಎಂದರ್ಥ. ಆ ದಿನಕ್ಕೆ ಸಾಕು.

ಬಿಳಿ ಉಗುರಿನಲ್ಲಿ ಒಳಗಿನ ಜೀವಭಾಗ ಗುಲಾಬಿ ಬಣ್ಣದಲ್ಲಿ ಕಾಣುತ್ತದೆ. ಕಪ್ಪು ಉಗುರಾದರೆ ತೆಳ್ಳಗೆ ಪದರ ಪದರವಾಗಿ ಕತ್ತರಿಸಿ. ಕತ್ತರಿಸಿದ ಮುಖದ ನಡುವೆ ಗಾಢವಾದ ಚುಕ್ಕೆ ಕಾಣತೊಡಗಿದರೆ ನಿಲ್ಲಿಸಿ. ಆಕಸ್ಮಿಕವಾಗಿ ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಕೆಲವು ನಿಮಿಷ ಹಿಡಿಯಿರಿ. ನಿಲ್ಲದಿದ್ದರೆ ವೈದ್ಯರ ಬಳಿ ಹೋಗಿ.

ಕತ್ತರಿಯನ್ನು ಎಷ್ಟೇ ಮಾಡಿದರೂ ಒಪ್ಪದ ನಾಯಿಗಳಿಗೆ ಇನ್ನೊಂದು ದಾರಿ ಇದೆ. ಮರದ ಹಲಗೆಗೆ ಉಪ್ಪುಕಾಗದ, ಅಂದರೆ ಸ್ಯಾಂಡ್‌ಪೇಪರ್ ಅಂಟಿಸಿ. ಅದನ್ನು ಮುಂಗಾಲಿನಿಂದ ಕೆರೆದಾಗಲೆಲ್ಲ ತಿನಿಸು ಕೊಡಿ. ನಾಯಿ ತನ್ನ ಉಗುರನ್ನು ತಾನೇ ಸವೆಸಿಕೊಳ್ಳುತ್ತದೆ.

'ಬೇಡ' ಎನ್ನುವ ಅವಕಾಶ

ಬ್ರಿಟನ್ನಿನ ತರಬೇತುದಾರ ಚಿರಾಗ್ ಪಟೇಲ್ 'ಬಕೆಟ್ ಗೇಮ್' ಎಂಬ ಸರಳ ಆಟವೊಂದನ್ನು ರೂಪಿಸಿದ್ದಾರೆ. ಒಂದು ಡಬ್ಬಿಯಲ್ಲಿ ತಿನಿಸು ಹಾಕಿ ನಾಯಿಗೆ ಕಾಣುವಂತೆ ಇಡಿ. ನಾಯಿ ಡಬ್ಬಿಯನ್ನು ನೋಡುತ್ತಿದ್ದರೆ "ಮುಂದುವರಿಸಿ" ಎಂದರ್ಥ. ನೀವು ಬಾಚಬಹುದು, ಮುಟ್ಟಬಹುದು, ನಡುನಡುವೆ ಡಬ್ಬಿಯಿಂದ ತಿನಿಸು ಕೊಡಬಹುದು. ನಾಯಿ ಡಬ್ಬಿಯಿಂದ ಕಣ್ಣು ತೆಗೆದ ಕೂಡಲೇ ನಿಮ್ಮ ಕೈ ನಿಲ್ಲಬೇಕು. ಮತ್ತೆ ನೋಡಿದಾಗ ಶುರುಮಾಡಿ.

"ಹೀಗೆ ಮಾಡಿದರೆ ನಾಯಿ ತಲೆ ಮೇಲೆ ಕೂರುವುದಿಲ್ಲವೇ?" ಎಂದು ಹಲವರು ಕೇಳುತ್ತಾರೆ. ಆಗುವುದು ಇದಕ್ಕೆ ವಿರುದ್ಧ. ಕಣ್ಣು ತಿರುಗಿಸಿದರೆ ಸಾಕು, ಕೈ ನಿಲ್ಲುತ್ತದೆ ಎಂದು ತಿಳಿದ ನಾಯಿಗೆ ಕಚ್ಚಿ ಹೇಳುವ ಅಗತ್ಯವೇ ಬೀಳುವುದಿಲ್ಲ. ನಿಲ್ಲಿಸುವ ಅಧಿಕಾರ ಸಿಕ್ಕಿದ ಮೇಲೆ ಅದು ನಿಲ್ಲಿಸುವುದೂ ಕಡಿಮೆಯಾಗುತ್ತದೆ.

ಬಾಚುವುದು, ಸ್ನಾನ, ಡ್ರೈಯರ್

ಬಾಚುವುದು: ಗಂಟನ್ನು ಬುಡದಿಂದ ಎಳೆಯಬೇಡಿ. ಬುಡವನ್ನು ಬೆರಳುಗಳಿಂದ ಹಿಡಿದು ತುದಿಯಿಂದ ಬಿಡಿಸುತ್ತಾ ಬನ್ನಿ. ಗಂಟಿದ್ದಾಗ ಸ್ನಾನ ಮಾಡಿಸಿದರೆ ಅದು ಇನ್ನೂ ಬಿಗಿಯುತ್ತದೆ, ಹಾಗಾಗಿ ಮೊದಲು ಬಾಚಿ, ಆಮೇಲೆ ಸ್ನಾನ. ಚರ್ಮಕ್ಕೆ ಅಂಟಿದ ಗಂಟನ್ನು ಮನೆಯ ಕತ್ತರಿಯಿಂದ ಕತ್ತರಿಸಬೇಡಿ, ಚರ್ಮವೇ ಕತ್ತರಿಸಿಹೋಗುತ್ತದೆ. ನಮ್ಮ ಮುಧೋಳ ನಾಯಿಯಂತಹ ಗಿಡ್ಡ ಕೂದಲಿನ ತಳಿಗೆ ವಾರಕ್ಕೊಮ್ಮೆ ಮೃದುವಾದ ಬ್ರಷ್ ಆಡಿಸಿದರೂ ನಡೆಯುತ್ತದೆ. ಉದ್ದ ಕೂದಲಿನ ತಳಿ ತಂದವರಿಗೆ ಬಾಚುವುದು ಹೆಚ್ಚುಕಡಿಮೆ ದಿನದ ಕೆಲಸ.

ಸ್ನಾನ: ಎಷ್ಟೋ ನಾಯಿಗಳಿಗೆ ಭಯ ನೀರಿನದಲ್ಲ, ಜಾರುವ ನೆಲದ್ದು. ಬಚ್ಚಲಲ್ಲಿ ರಬ್ಬರ್ ಮ್ಯಾಟ್ ಅಥವಾ ಒದ್ದೆ ಗೋಣಿಚೀಲ ಹಾಸಿ. ಉಗುರುಬೆಚ್ಚಗಿನ ನೀರನ್ನು ಕಾಲಿನಿಂದ ಶುರುಮಾಡಿ ಚೊಂಬಿನಿಂದ ಮೆಲ್ಲಗೆ ಹೊಯ್ಯಿರಿ. ತಲೆಯ ಮೇಲೆ ಸುರಿಯಬೇಡಿ, ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿ. ನಾಯಿಯ ಚರ್ಮ ನಮ್ಮ ಚರ್ಮದಷ್ಟು ಆಮ್ಲೀಯವಲ್ಲ, ಆದ್ದರಿಂದ ನಾಯಿಗಾಗಿಯೇ ಮಾಡಿದ ಶ್ಯಾಂಪೂ ಬಳಸಿ.

ಡ್ರೈಯರ್: ಮನುಷ್ಯರಿಗೆ ಸುಮಾರು 20,000 ಹರ್ಟ್ಜ್‌ವರೆಗಿನ ಸದ್ದು ಕೇಳಿಸುತ್ತದೆ, ನಾಯಿಗೆ ಸುಮಾರು 45,000 ಹರ್ಟ್ಜ್‌ವರೆಗೆ. ನಮಗೆ ಬರೀ 'ಹುಂಯ್' ಎನ್ನುವ ಯಂತ್ರ ಅದಕ್ಕೆ ಬೇರೆಯೇ ಆಗಿ ಕೇಳಿಸಬಹುದು. ಪಕ್ಕದ ಕೋಣೆಯಲ್ಲಿ ಡ್ರೈಯರ್ ಹಾಕಿ ಇಲ್ಲಿ ತಿನಿಸು ಕೊಡುವುದರಿಂದ ಶುರುಮಾಡಿ. ಇಲ್ಲವೇ ಟವೆಲ್ಲಿನಲ್ಲೇ ಒರೆಸಿ.

ಕಿವಿ: ನಾಯಿಯ ಕಿವಿಯ ನಾಳ ಒಳಗೆ ಬಾಗಿರುತ್ತದೆ. ಇಯರ್ ಬಡ್ ಒಳಗೆ ತೂರಿಸಿದರೆ ಕೊಳೆ ಇನ್ನೂ ಒಳಕ್ಕೆ ಹೋಗುತ್ತದೆ. ಕಾಣುವ ಭಾಗವನ್ನು ಮಾತ್ರ ಹತ್ತಿಯಿಂದ ಒರೆಸಿ.

ಉಣ್ಣಿ: ಸೀಮೆಎಣ್ಣೆ ಸವರುವುದು, ಊದುಬತ್ತಿಯಿಂದ ಸುಡುವುದು ಎರಡೂ ಬೇಡ. ಸೀಮೆಎಣ್ಣೆ ಚರ್ಮ ಸುಡುತ್ತದೆ, ನಾಯಿ ನೆಕ್ಕಿದರೆ ವಿಷ. ಕೈಗವಸು ಹಾಕಿಕೊಂಡು ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರಕ್ಕೆ ಎಳೆಯಿರಿ. ಪದೇ ಪದೇ ಉಣ್ಣಿ ಹತ್ತುವ ನಾಯಿಗೆ ವೈದ್ಯರು ಕೊಡುವ ಹನಿ ಔಷಧ ಅಥವಾ ಮಾತ್ರೆ ಹಾಕಿದರೆ ದಿನವೂ ಕೀಳುವ ಜಗಳವೇ ತಪ್ಪುತ್ತದೆ.

ಎಲ್ಲ ಕೆಲಸವನ್ನೂ ಒಂದೇ ದಿನ ಮುಗಿಸಲು ಹೋಗಬೇಡಿ. ಸ್ನಾನ ಒಂದು ದಿನ, ಉಗುರು ಇನ್ನೊಂದು ದಿನ. ದೀಪಾವಳಿಯ ಪಟಾಕಿ ಸದ್ದಿನ ದಿನಗಳಲ್ಲಿ, ಮನೆ ತುಂಬ ನೆಂಟರಿದ್ದಾಗ ಈ ಕೆಲಸ ಬೇಡವೇ ಬೇಡ. ಒಂದರ ಮೇಲೊಂದು ಸೇರಿದ ಒತ್ತಡ ಯಾವುದೋ ಸಣ್ಣ ನೆಪಕ್ಕೆ ಸಿಡಿಯುತ್ತದೆ. ಮಕ್ಕಳ ಕೈಯಲ್ಲಿ ನಾಯಿಯನ್ನು ಹಿಡಿಸಬೇಡಿ. ಅವರ ಮುಖ ನಾಯಿಯ ಬಾಯಿಯ ಎತ್ತರಕ್ಕೇ ಇರುತ್ತದೆ.

ಇವತ್ತೇ ಕತ್ತರಿಸಲೇಬೇಕು ಎಂದಾದರೆ?

ಉಗುರು ಬಾಗಿ ಪಾದಕ್ಕೆ ಚುಚ್ಚುತ್ತಿದ್ದರೆ ವಾರಗಟ್ಟಲೆ ಕಾಯಲಾಗುವುದಿಲ್ಲ. ಆಗ ಪಶುವೈದ್ಯರ ಬಳಿ ಮಾಡಿಸಿ. ತೀರಾ ಹೆದರುವ ನಾಯಿಗೆ ಮೊದಲೇ ಕೊಡುವ ಆತಂಕ ತಗ್ಗಿಸುವ ಔಷಧಗಳಿವೆ. ನಾಯಿಯ ತೂಕ, ವಯಸ್ಸು, ಕಾಯಿಲೆ ನೋಡಿ ವೈದ್ಯರು ಅದನ್ನು ನಿರ್ಧರಿಸುತ್ತಾರೆ. ಮನೆಯಲ್ಲಿರುವ ನಿದ್ದೆಮಾತ್ರೆ, ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ. ಮನುಷ್ಯರ ಈ ಮಾತ್ರೆಗಳು ನಾಯಿಯ ಪ್ರಾಣ ತೆಗೆಯಬಲ್ಲವು.

ಬಾಯಿಕುಕ್ಕೆ, ಅಂದರೆ ಮಜಲ್ ಹಾಕುವುದು ತಪ್ಪಲ್ಲ. ಆದರೆ ಬುಟ್ಟಿಯಾಕಾರದ್ದನ್ನೇ ಆರಿಸಿ. ಅದರಲ್ಲಿ ನಾಯಿ ಬಾಯಿ ತೆರೆದು ಏದುಸಿರು ಬಿಡಬಹುದು, ತಿನಿಸೂ ತಿನ್ನಬಹುದು. ನಾಯಿ ಮೈ ತಂಪು ಮಾಡಿಕೊಳ್ಳುವುದೇ ಏದುಸಿರಿನಿಂದ. ಬಾಯಿಯನ್ನು ಬಟ್ಟೆಯಿಂದ ಬಿಗಿದು ಕಟ್ಟಿ ಬಿಸಿ ಡ್ರೈಯರ್ ಹಿಡಿದರೆ ಜೀವಕ್ಕೇ ಅಪಾಯ, ಅದರಲ್ಲೂ ಪಗ್‌ನಂತಹ ಚಪ್ಪಟೆ ಮೂತಿಯ ನಾಯಿಗಳಿಗೆ. ಬಾಯಿಕುಕ್ಕೆಗೂ ನಾಯಿಯನ್ನು ಮೊದಲೇ ತಿನಿಸಿನ ಮೂಲಕ ಒಗ್ಗಿಸಿರಬೇಕು. ಅದು ಕಚ್ಚುವುದನ್ನು ತಡೆಯುತ್ತದೆ, ಭಯವನ್ನು ಕಳೆಯುವುದಿಲ್ಲ.

ಗ್ರೂಮಿಂಗ್ ಅಂಗಡಿಗೆ ಕಳಿಸುವುದಾದರೆ ನಾಯಿಯ ಸ್ವಭಾವವನ್ನು ಮುಚ್ಚಿಡಬೇಡಿ. ಹೆದರಿದ ನಾಯಿಯನ್ನು ಅವರು ಹೇಗೆ ಸಂಭಾಳಿಸುತ್ತಾರೆ ಎಂದು ಕೇಳಿ. "ಗಟ್ಟಿಯಾಗಿ ಕಟ್ಟಿಹಾಕಿ ಮುಗಿಸಿಬಿಡುತ್ತೇವೆ" ಎಂದರೆ ಬೇರೆ ಕಡೆ ನೋಡಿ.

ಹೊಸದಾಗಿ ಮರಿ ತಂದಿದ್ದರೆ ನಿಮ್ಮ ಕೆಲಸ ಹಗುರ. ಹುಟ್ಟಿದ ಸುಮಾರು 3ನೇ ವಾರದಿಂದ 14ನೇ ವಾರದವರೆಗೆ ಮರಿಗಳು ಹೊಸ ಅನುಭವಗಳನ್ನು ಸುಲಭವಾಗಿ ಒಪ್ಪಿಕೊಳ್ಳುತ್ತವೆ. ಈ ದಿನಗಳಲ್ಲೇ ಪಾದ, ಕಿವಿ, ಬಾಯಿ ಮುಟ್ಟಿ ತಿನಿಸು ಕೊಡುತ್ತಾ ಬಂದರೆ ಮುಂದಿನ ಹತ್ತು ಹನ್ನೆರಡು ವರ್ಷದ ತಲೆನೋವು ಕಡಿಮೆಯಾಗುತ್ತದೆ.

ಈಗಾಗಲೇ ಕಚ್ಚಿದ್ದರೆ?

"ನಮ್ಮ ಮನೆಯ ನಾಯಿ ತಾನೇ" ಎಂದು ಸುಮ್ಮನಿರಬೇಡಿ. ರೇಬಿಸ್‌ನ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಹೆಚ್ಚುಕಡಿಮೆ ಅಸಾಧ್ಯ. ಆದರೆ ಸಕಾಲದಲ್ಲಿ ಚಿಕಿತ್ಸೆ ಪಡೆದರೆ ಅದನ್ನು ತಡೆಯಬಹುದು.

- ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ.
- ಅರಿಶಿನ, ಸುಣ್ಣ, ಖಾರದಪುಡಿ, ಕಾಫಿಪುಡಿ ಏನನ್ನೂ ಮೆತ್ತಬೇಡಿ.
- ಅದೇ ದಿನ ಆಸ್ಪತ್ರೆಗೆ ಹೋಗಿ. ನಾಯಿಗೆ ಲಸಿಕೆ ಆಗಿದ್ದರೆ ಕಾರ್ಡ್ ತೋರಿಸಿ, ಮುಂದಿನದನ್ನು ವೈದ್ಯರು ತೀರ್ಮಾನಿಸಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬಿಸ್ ಲಸಿಕೆ ಉಚಿತ.
- ಹಲ್ಲು ಆಳಕ್ಕೆ ಇಳಿದು ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯಕ್ಕೇ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗಬಹುದು. ಕೇಳಿ ತಿಳಿದುಕೊಳ್ಳಿ.
- ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದು ಎಂಬ ಭಯ ಬೇಡ. ಅದು ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆಯ ಕಾಲದ ಮಾತು. ಈಗ ತೋಳಿಗೆ ಕೆಲವೇ ಡೋಸ್ ಕೊಡುತ್ತಾರೆ. ಹೇಳಿದ ದಿನಗಳಲ್ಲಿ ಎಲ್ಲ ಡೋಸ್ ಮುಗಿಸಿ.

ನಾಯಿ ಪದೇ ಪದೇ ರಕ್ತ ಬರುವಂತೆ ಕಚ್ಚುತ್ತಿದ್ದರೆ ಮೇಲಿನ ಹಂತಗಳನ್ನು ಒಬ್ಬರೇ ಪ್ರಯತ್ನಿಸಬೇಡಿ. ಪಶುವೈದ್ಯರನ್ನು, ಅವರು ಸೂಚಿಸುವ ಅನುಭವಿ ತರಬೇತುದಾರರನ್ನು ಜೊತೆಗಿಟ್ಟುಕೊಳ್ಳಿ.

ಮುಂದಿನ ಸಲ ಆ ಫಾರ್ವರ್ಡ್ ಬಂದರೆ

"ಯಜಮಾನ ಯಾರೆಂದು ತೋರಿಸಿ" ಎಂಬ ಸಂದೇಶ ಮತ್ತೆ ನಿಮ್ಮ ಗುಂಪಿಗೆ ಬಂದರೆ ಕೆಳಗಿನ ಸಾಲುಗಳನ್ನು ನಕಲು ಮಾಡಿ ಕಳಿಸಿ:

ಗುರ್ ಎನ್ನುವ ನಾಯಿ ಎಚ್ಚರಿಕೆ ಕೊಡುತ್ತಿದೆ, ಅದಕ್ಕೆ ಹೊಡೆಯಬೇಡಿ. ಹೊಡೆದರೆ ಎಚ್ಚರಿಕೆ ನಿಲ್ಲುತ್ತದೆ, ಕಚ್ಚುವುದು ನಿಲ್ಲುವುದಿಲ್ಲ. ಮೊದಲು ಪಶುವೈದ್ಯರಲ್ಲಿ ನೋವಿದೆಯೇ ಎಂದು ನೋಡಿಸಿ. ಆಮೇಲೆ ದಿನಕ್ಕೆ ಐದು ನಿಮಿಷ ಮುಟ್ಟಿ ತಿನಿಸು ಕೊಡಿ, ದಿನಕ್ಕೆ ಒಂದೇ ಉಗುರು ಕತ್ತರಿಸಿ. ಕಚ್ಚಿದರೆ 15 ನಿಮಿಷ ಸೋಪಿನಿಂದ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ.